ಕಾಯುತ್ತಿದ್ದ ಗೇಮ್ ಬೇರೆ ಸ್ಟೋರ್ ಪಾಲಾದಾಗ ಏನು ಮಾಡೋದು?

ಓದುಗರ ಪ್ರಶ್ನೆ: "ಹನ್ನೆರಡು ವರ್ಷದಿಂದ ಪಿಸಿ ಗೇಮ್ ಸ್ಟೋರ್ ಸ್ಟೀಮ್ ಬಳಸುತ್ತಿದ್ದೇನೆ. ಲೈಬ್ರರಿಯಲ್ಲಿ 300ಕ್ಕೂ ಜಾಸ್ತಿ ಗೇಮ್‌ಗಳಿವೆ. ಎರಡು ವರ್ಷದಿಂದ ವಿಶ್‌ಲಿಸ್ಟ್‌ನಲ್ಲಿಟ್ಟು ಕಾಯುತ್ತಿದ್ದ ಒಂದು ಕೋ-ಆಪ್ ಗೇಮ್, ಬಿಡುಗಡೆಗೆ ಐದು ವಾರ ಇದೆ ಅನ್ನುವಾಗ ಎಪಿಕ್ ಸ್ಟೋರ್‌ಗೆ ಹೋಗಿಬಿಟ್ಟಿತು. ಸ್ಟೀಮ್‌ಗೆ ಒಂದು ವರ್ಷ ಆದಮೇಲೆ ಬರುತ್ತದಂತೆ. ನಾವು ನಾಲ್ವರು ಗೆಳೆಯರು ಒಟ್ಟಿಗೆ ಆಡಬೇಕು ಅಂತ ಮಾತಾಡಿಕೊಂಡಿದ್ದೆವು. ಇಬ್ಬರು ಎಪಿಕ್‌ನಲ್ಲೇ ಕೊಳ್ಳುತ್ತಾರಂತೆ. ಇನ್ನೊಬ್ಬ 'ಅದು ಸ್ಪೈವೇರ್, ಕಂಪ್ಯೂಟರ್‌ಗೆ ಹಾಕಲೇಬೇಡ' ಅಂತಾನೆ. ಆ ಸ್ಟೋರ್ ಕಮಿಷನ್ ಕಡಿಮೆಯಂತೆ, ಆದರೆ ಬೆಲೆ ಮಾತ್ರ ಅಷ್ಟೇ ಇದೆ. ಅಲ್ಲಿ ಕೊಂಡ ಮೇಲೆ ಸ್ಟೋರೇ ಮುಚ್ಚಿಹೋದರೆ? ಇಂಥ ಗೇಮ್ ಕೊಂಡರೆ ಕೆಟ್ಟ ಪದ್ಧತಿಗೆ ನಾನೇ ನೀರೆರೆದ ಹಾಗಲ್ವಾ? ನಿಜ ಹೇಳಬೇಕು ಅಂದರೆ ನನಗೆ ಮೋಸ ಹೋದ ಹಾಗೆ ಅನಿಸುತ್ತಿದೆ."

ಉತ್ತರ:

ಗೇಮಿನ ಹೆಸರನ್ನು ನಿಮ್ಮ ಪತ್ರದಿಂದ ತೆಗೆದಿದ್ದೇನೆ. ಇದೇ ಪ್ರಶ್ನೆ ಬೇರೆ ಬೇರೆ ಗೇಮ್‌ಗಳ ಹೆಸರಲ್ಲಿ ಎಷ್ಟೋ ಜನ ಕೇಳುತ್ತಾರೆ, ಉತ್ತರ ಹೆಚ್ಚೂ ಕಡಿಮೆ ಒಂದೇ. ಪಿಸಿ ಗೇಮ್‌ಗಳನ್ನು ಸ್ಟೋರ್‌ಗಳಿಗೆ ಏರಿಸುವುದು, ಸ್ಟೋರ್‌ನವರ ಜೊತೆ ಒಪ್ಪಂದ ಕುದುರಿಸುವುದು, ಬಹಳ ಕಾಲದಿಂದ ನನ್ನ ಕೆಲಸ ಇದೇ. ಹಾಗಾಗಿ ಮೇಜಿನ ಆ ಕಡೆ ಏನು ನಡೆಯುತ್ತದೆ ಅನ್ನುವುದನ್ನೂ ಸೇರಿಸಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಹಲವು ಚಿಂತೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಹಣದ್ದು ಒಂದು, ಸುರಕ್ಷತೆಯದ್ದು ಒಂದು, ನಾಳೆ ಗೇಮ್ ಕೈಯಲ್ಲಿ ಉಳಿಯುತ್ತದಾ ಅನ್ನುವುದು ಇನ್ನೊಂದು. ಇವೆಲ್ಲದರ ಮೇಲೆ ನೋವು. ಆ ನೋವು ಸುಳ್ಳಲ್ಲ. ಎರಡು ವರ್ಷ ವಿಶ್‌ಲಿಸ್ಟ್‌ನಲ್ಲಿಟ್ಟು ಕಾದವರಿಗೆ ಕೊನೇ ಗಳಿಗೆಯಲ್ಲಿ ದಿಕ್ಕು ಬದಲಾಯಿಸಿ ಹೇಳುವುದು ಒಳ್ಳೆಯ ನಡವಳಿಕೆ ಅಲ್ಲ. ಇದನ್ನು ಒಳಗಿನವನಾಗಿಯೇ ಹೇಳುತ್ತಿದ್ದೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಸ್ಟೀಮ್ ಕೂಡ ಜನ ಬೇಕು ಬೇಕು ಅಂತ ಕೇಳಿದ್ದಕ್ಕೆ ಬಂದದ್ದಲ್ಲ. ವಾಲ್ವ್ ಕಂಪನಿ ಅದನ್ನು ಶುರು ಮಾಡಿದ್ದು 2003ರ ಸೆಪ್ಟೆಂಬರ್‌ನಲ್ಲಿ. ಮರುವರ್ಷ ನವೆಂಬರ್‌ನಲ್ಲಿ ಹಾಫ್-ಲೈಫ್ 2 ಬಂತು. ಡಿಸ್ಕ್ ಕೊಂಡು ಮನೆಗೆ ತಂದವರೂ ಸ್ಟೀಮ್ ಅಕೌಂಟ್ ಮಾಡಿ, ಇಂಟರ್ನೆಟ್‌ಗೆ ಹೋಗಿ ಬೀಗ ತೆಗೆಸಿಕೊಳ್ಳಬೇಕಿತ್ತು. ಆಗ ಜನ ಬಾಯಿಗೆ ಬಂದ ಹಾಗೆ ಬೈದಿದ್ದರು. ಇವತ್ತು ಎಪಿಕ್ ಬಗ್ಗೆ ಕೇಳಿಬರುವ ಮಾತುಗಳೇ ಅವತ್ತು ಸ್ಟೀಮ್ ಬಗ್ಗೆ ಕೇಳಿಬರುತ್ತಿದ್ದವು. ಆಮೇಲೆ ಸ್ಟೀಮ್ ವರ್ಷಗಟ್ಟಲೆ ದುಡಿದು ಹೆಸರು ಗಳಿಸಿಕೊಂಡಿತು. ಆಟಗಾರರ ರಿವ್ಯೂ, ಮಾಡ್‌ಗಳಿಗೆ (ಆಟಗಾರರೇ ಗೇಮಿಗೆ ಮಾಡುವ ಬದಲಾವಣೆಗಳು) ವರ್ಕ್‌ಶಾಪ್, 2015ರಿಂದ ರೀಫಂಡ್, ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ಓಡಿಸುವ ಪ್ರೋಟಾನ್. 2025ರ ಮಾರ್ಚ್‌ನಲ್ಲಿ ಒಂದೇ ಹೊತ್ತಿಗೆ 4 ಕೋಟಿಗೂ ಹೆಚ್ಚು ಜನ ಸ್ಟೀಮ್‌ನಲ್ಲಿದ್ದರು.

ನಡುವೆ ಸ್ಟೀಮ್ ಬಿಟ್ಟು ಹೊರಗೆ ಹೋಗಿ ನೋಡಿದ ಗೇಮ್ ಕಂಪನಿಗಳು ಬಹಳ. ಇಎ 2011ರಲ್ಲಿ ಒರಿಜಿನ್ ಅಂತ ತನ್ನದೇ ಸ್ಟೋರ್ ಮಾಡಿಕೊಂಡು ಹೊಸ ಗೇಮ್‌ಗಳನ್ನು ಅಲ್ಲೇ ಇಟ್ಟುಕೊಂಡಿತು, 2019ರ ಕೊನೆಗೆ ಸ್ಟೀಮ್‌ಗೆ ವಾಪಸ್ ಬಂತು. ಬೆಥೆಸ್ಡಾ 2018ರಲ್ಲಿ ಫಾಲ್‌ಔಟ್ 76 ಅನ್ನು ತನ್ನ ಲಾಂಚರ್‌ನಲ್ಲಿ (ಗೇಮ್ ಕೊಂಡು, ಇಳಿಸಿಕೊಂಡು, ಶುರು ಮಾಡುವ ಆ್ಯಪ್) ಮಾತ್ರ ಕೊಟ್ಟಿತು, 2020ರಲ್ಲಿ ಸ್ಟೀಮ್‌ಗೆ ತಂದಿತು. ಯೂಬಿಸಾಫ್ಟ್ 2019ರಲ್ಲಿ ದಿ ಡಿವಿಷನ್ 2ರಿಂದ ದೂರ ಸರಿದು 2022ರ ಡಿಸೆಂಬರ್‌ನಲ್ಲಿ ಮರಳಿತು. ಯಾರ ಗೇಮ್‌ಗಳೂ ಕೆಟ್ಟವಾಗಿರಲಿಲ್ಲ. ಆದರೆ ಗೆಳೆಯರ ಪಟ್ಟಿ, ಹಳೇ ಲೈಬ್ರರಿ, ರೂಢಿ ಎಲ್ಲ ಇನ್ನೊಂದು ಕಡೆ ಇದ್ದರೆ ಜನ ಅಲ್ಲಿಗೇ ಹೋಗುತ್ತಾರೆ.

ಎಪಿಕ್ ಇದೇ ಗೋಡೆಯನ್ನು ಹಣದಿಂದ ಒಡೆಯಲು ಹೊರಟಿತು. 2018ರ ಡಿಸೆಂಬರ್‌ನಲ್ಲಿ ಸ್ಟೋರ್ ತೆರೆಯಿತು. ಸ್ಟೀಮ್ ಮಾರಾಟದಲ್ಲಿ 30% ತೆಗೆದುಕೊಳ್ಳುತ್ತದೆ, ನಾವು 12% ಮಾತ್ರ ತೆಗೆದುಕೊಳ್ಳುತ್ತೇವೆ ಅಂದಿತು. ಅದಕ್ಕೆ ಕೆಲವೇ ದಿನ ಮೊದಲು ವಾಲ್ವ್ ಕೂಡ ತನ್ನ ಪಾಲು ಇಳಿಸಿತ್ತು. ಆದರೆ ಆ ಇಳಿಕೆ ಎಲ್ಲರಿಗೂ ಅಲ್ಲ. 1 ಕೋಟಿ ಡಾಲರ್ ಮಾರಾಟ ದಾಟಿದ ಮೇಲಿನ ಹಣಕ್ಕೆ 25%, 5 ಕೋಟಿ ದಾಟಿದರೆ 20%. ಸಣ್ಣ ಸ್ಟುಡಿಯೋಗಳು ಅಲ್ಲಿಯವರೆಗೆ ಹೋಗುವುದೇ ಅಪರೂಪ. ಅವರ ಮಟ್ಟಿಗೆ ಅದು 30% ಆಗಿಯೇ ಉಳಿಯಿತು.

ಹಾಗಾದರೆ ಗೇಮ್‌ಗಳು ಎಪಿಕ್‌ಗೆ ಹೋಗಿದ್ದು ಈ 12% ನೋಡಿ ಅಂತ ನೀವು ಅಂದುಕೊಂಡಿರಬಹುದು. ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಲೆಕ್ಕ ಹಾಕಿ ನೋಡಿ. 60 ಡಾಲರ್ ಗೇಮ್. ಸ್ಟೀಮ್‌ನಲ್ಲಿ ಒಂದು ಮಾರಿದರೆ ಕೈಗೆ 42 ಡಾಲರ್, ಎಪಿಕ್‌ನಲ್ಲಿ 52 ಡಾಲರ್ 80 ಸೆಂಟ್. ಎಪಿಕ್‌ನಲ್ಲಿ 100 ಮಾರಿದರೆ ಬರುವ ಹಣ ಸ್ಟೀಮ್‌ನಲ್ಲಿ 126 ಮಾರಿದರೂ ಬರುತ್ತದೆ. ಅಂದರೆ ಹೊಸ ಸ್ಟೋರ್‌ನಲ್ಲಿ ಮಾರಾಟ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬಿದ್ದರೂ ಸಾಕು, ಕಡಿಮೆ ಕಮಿಷನ್‌ನಿಂದ ಆದ ಲಾಭ ಪೂರ್ತಿ ಹೋಯಿತು. ಜನ ತುಂಬಿರುವ ಸ್ಟೋರ್ ಬಿಟ್ಟು ಹೊಸ ಸ್ಟೋರ್‌ಗೆ ಹೋದರೆ ಅಷ್ಟು ಬೀಳದೇ ಇರುತ್ತದಾ? ಇನ್ನು ಎರಡೂ ಕಡೆ ಇಟ್ಟರೆ ಎರಡೂ ಕಡೆಯ ಹಣ ಬರುತ್ತದಲ್ಲ. 12% ಒಂದನ್ನೇ ನೋಡಿ ಯಾರೂ ಒಂದೇ ಸ್ಟೋರ್‌ಗೆ ಕಟ್ಟುಬೀಳುವುದಿಲ್ಲ.

ಕಟ್ಟುಬೀಳಿಸುವುದು ಮಿನಿಮಮ್ ಗ್ಯಾರಂಟಿ. ಹೊರಗಿನವರಿಗೆ ಇದರ ಬಗ್ಗೆ ಅಷ್ಟಾಗಿ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಟೋರ್‌ನವರು ಒಂದು ಮೊತ್ತ ನಿಗದಿ ಮಾಡುತ್ತಾರೆ. ಗೇಮ್ ಮಾರಾಟವಾಗಲಿ ಬಿಡಲಿ, ಅಷ್ಟು ಹಣ ನಿಮಗೆ ಬಂದೇ ಬರುತ್ತದೆ. ಗೇಮ್ ಬಿಡುಗಡೆಯಾದ ಮೇಲೆ ನಿಮ್ಮ ಪಾಲಿಗೆ ಬರುವ ಮಾರಾಟದ ಹಣವನ್ನು ಮೊದಲು ಆ ಮೊತ್ತಕ್ಕೆ ಮುರಿದುಕೊಳ್ಳುತ್ತಾರೆ. ಅದು ತೀರಿದ ಮೇಲೆ ಮಾಮೂಲಿ ಲೆಕ್ಕ. ತೀರಲೇ ಇಲ್ಲ ಅಂದರೆ ನಷ್ಟ ಸ್ಟೋರ್‌ನವರದ್ದು, ನೀವು ವಾಪಸ್ ಕೊಡಬೇಕಿಲ್ಲ.

ಈಗ ಆ ಕಾಗದವನ್ನು ಒಂದು ಸಣ್ಣ ಸ್ಟುಡಿಯೋದವರ ಮುಂದಿಟ್ಟು ನೋಡಿ. ನಾಲ್ಕು ವರ್ಷ ದುಡಿದಿದ್ದಾರೆ. ಕೊನೇ ಆರು ತಿಂಗಳ ಸಂಬಳ ಎಲ್ಲಿಂದ ತರುವುದು ಅನ್ನುವುದು ಎಕ್ಸೆಲ್ ಹಾಳೆಯಲ್ಲಿ ಕೆಂಪು ಬಣ್ಣದಲ್ಲಿ ಕಾಣುತ್ತಿದೆ. ಬಿಡುಗಡೆಯ ವಾರ ದೊಡ್ಡ ಗೇಮ್ ಒಂದು ಅಡ್ಡ ಬಂದರೆ ಮುಗಿಯಿತು. ಅಂಥ ಹೊತ್ತಲ್ಲಿ 'ಎಲ್ಲ ಸ್ಟೋರ್‌ಗಳಲ್ಲೂ ಸೇರಿ ಎಷ್ಟು ದುಡಿಯಬಹುದು ಅಂತ ಅಂದುಕೊಂಡಿದ್ದೀರೋ ಅಷ್ಟನ್ನೂ ಈಗಲೇ ಖಾತ್ರಿ ಮಾಡುತ್ತೇವೆ, ಬದಲಿಗೆ ಒಂದು ವರ್ಷ ನಮ್ಮಲ್ಲಿ ಮಾತ್ರ ಇರಲಿ' ಅಂದರೆ ಬೇಡ ಅನ್ನುವವರು ಕಡಿಮೆ. ಇಂಥ ಮಾತುಕತೆಗಳಲ್ಲಿ ನಾನು ಕೂತಿದ್ದೇನೆ. ಅಲ್ಲಿ ದುರಾಸೆಗಿಂತ ಜಾಸ್ತಿ ಕಂಡಿದ್ದು ಒಂದು ನಿಟ್ಟುಸಿರು. ಇನ್ನು ಜನರನ್ನು ಕೆಲಸದಿಂದ ತೆಗೆಯಬೇಕಿಲ್ಲ ಅನ್ನುವ ಸಮಾಧಾನ.

ಮೊತ್ತಗಳು ಸಣ್ಣವಾಗಿರಲಿಲ್ಲ. ಕಂಟ್ರೋಲ್ ಗೇಮಿಗೆ ಎಪಿಕ್ ಕೊಟ್ಟಿದ್ದು 1 ಕೋಟಿ ಡಾಲರ್‌ಗೂ ಸ್ವಲ್ಪ ಮೇಲೆ. ಎಪಿಕ್ ಮತ್ತು ಆಪಲ್ ನಡುವಿನ ಕೇಸಿನಲ್ಲಿ ಹೊರಬಂದ ದಾಖಲೆಗಳ ಪ್ರಕಾರ 2020ರ ಒಂದೇ ವರ್ಷಕ್ಕೆ ಎಪಿಕ್ ಒಪ್ಪಿಕೊಂಡ ಗ್ಯಾರಂಟಿಗಳು ಸುಮಾರು 44 ಕೋಟಿ ಡಾಲರ್. ಇಷ್ಟೆಲ್ಲ ಸುರಿದು ಸಿಕ್ಕಿದ್ದೇನು? ಎಪಿಕ್ ಮುಖ್ಯಸ್ಥ ಟಿಮ್ ಸ್ವೀನಿ 2024ರಲ್ಲಿ ತಾವೇ ಹೇಳಿದರು: ಕೆಲವು ಎಕ್ಸ್‌ಕ್ಲೂಸಿವ್‌ಗಳು (ಒಂದೇ ಸ್ಟೋರ್‌ನಲ್ಲಿ ಮಾತ್ರ ಸಿಗುವ ಗೇಮ್‌ಗಳು) ಚೆನ್ನಾಗಿ ಕೈಹಿಡಿದವು, ಬಹಳಷ್ಟು ಕಡೆ ಹಾಕಿದ ಹಣ ಬರಲಿಲ್ಲ, ಆದರೆ ಉಚಿತವಾಗಿ ಗೇಮ್ ಹಂಚಿದ್ದು ಮಾತ್ರ ತುಂಬಾ ಫಲ ಕೊಟ್ಟಿತು ಅಂತ. 2024ರ ಕೊನೆಗೆ ಎಪಿಕ್ ಸ್ಟೋರ್‌ನಲ್ಲಿ ಪಿಸಿ ಬಳಕೆದಾರರು 29 ಕೋಟಿಗೂ ಹೆಚ್ಚು. ಆದರೆ ಬೇರೆ ಕಂಪನಿಗಳ ಗೇಮ್‌ಗಳ ಮೇಲೆ ಆ ವರ್ಷ ಜನ ಖರ್ಚು ಮಾಡಿದ್ದು 25 ಕೋಟಿ 50 ಲಕ್ಷ ಡಾಲರ್. ಅಂದರೆ ತಲೆಗೆ ಒಂದು ಡಾಲರ್ ಕೂಡ ಇಲ್ಲ. ಬರುತ್ತಾರೆ, ಉಚಿತದ್ದು ತಗೊಳ್ಳುತ್ತಾರೆ, ಹೋಗುತ್ತಾರೆ. ಬಿಡುಗಡೆಯನ್ನು ಹಣ ಕೊಟ್ಟು ಕೊಳ್ಳಬಹುದು, ರೂಢಿಯನ್ನು ಕೊಳ್ಳೋಕೆ ಆಗಲ್ಲ.

ಸರಿ, ಬೆಲೆ ಯಾಕೆ ಇಳಿಯಲಿಲ್ಲ? ಬೆಲೆ ಇಡುವುದು ಸ್ಟೋರ್ ಅಲ್ಲ, ಪಬ್ಲಿಷರ್, ಅಂದರೆ ಗೇಮ್ ಹೊರತರುವ ಕಂಪನಿ. ಕಮಿಷನ್ ಕಡಿಮೆಯಾದಾಗ ಉಳಿದ ಹಣ ಮೊದಲು ಅವರ ಜೇಬಿಗೆ ಹೋಗುತ್ತದೆ. ಅವರು ಬಂದದ್ದೇ ಅದಕ್ಕೆ. ಇಳಿಸಿದ ಉದಾಹರಣೆಯೂ ಇದೆ. 2019ರಲ್ಲಿ ಮೆಟ್ರೋ ಎಕ್ಸೋಡಸ್ ಎಪಿಕ್‌ಗೆ ಹೋದಾಗ ಅಮೆರಿಕದಲ್ಲಿ ಬೆಲೆಯನ್ನು 60 ಡಾಲರ್‌ನಿಂದ 50ಕ್ಕೆ ಇಳಿಸಿದರು. ಅದು ಎಲ್ಲರೂ ಹಿಡಿಯುವ ದಾರಿ ಆಗಲಿಲ್ಲ. ಅದೇ ವರ್ಷ ಎಪಿಕ್ ತನ್ನ ಕೈಯಿಂದ ಹಣ ಹಾಕಿ ಸುಮಾರು 15 ಡಾಲರ್ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಗೇಮ್‌ಗಳ ಮೇಲೆ 10 ಡಾಲರ್ ರಿಯಾಯಿತಿ ಕೊಟ್ಟಿತು. ಆಗ ಕೆಲವು ಪಬ್ಲಿಷರ್‌ಗಳು ಗಾಬರಿಯಾಗಿ ಗೇಮನ್ನೇ ಆ ಸೇಲ್‌ನಿಂದ ಎತ್ತಿಕೊಂಡರು! ತಮ್ಮ ಪಾಲು ಪೂರ್ತಿ ಬರುತ್ತಿದ್ದರೂ, ಒಂದು ಸಲ ಕಡಿಮೆ ಬೆಲೆ ನೋಡಿದ ಜನ ಮತ್ತೆ ಪೂರ್ತಿ ಬೆಲೆ ಕೊಡುವುದಿಲ್ಲ ಅನ್ನುವ ಭಯ ಅವರಿಗೆ.

ಇದರ ಹಿಂದೆ ಇನ್ನೊಂದು ವಿಷಯವೂ ಇದೆ. ಬೇರೆ ಸ್ಟೋರ್‌ನಲ್ಲಿ ಸ್ಟೀಮ್‌ಗಿಂತ ಕಡಿಮೆ ಬೆಲೆಗೆ ಮಾರದಂತೆ ವಾಲ್ವ್ ಒತ್ತಡ ಹಾಕುತ್ತದೆ ಅಂತ ವೋಲ್ಫೈರ್ ಗೇಮ್ಸ್ ಅನ್ನುವ ಸ್ಟುಡಿಯೋ 2021ರಲ್ಲಿ ಅಮೆರಿಕದಲ್ಲಿ ಕೇಸ್ ಹಾಕಿತು. ವಾಲ್ವ್ ಇದನ್ನು ಒಪ್ಪುವುದಿಲ್ಲ. 2024ರ ನವೆಂಬರ್‌ನಲ್ಲಿ ಕೋರ್ಟ್ ಅದನ್ನು ಬಹಳಷ್ಟು ಡೆವಲಪರ್‌ಗಳ ಪರವಾದ ಒಂದೇ ಕೇಸಾಗಿ ನಡೆಸಲು ಅನುಮತಿ ಕೊಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ, ನಮ್ಮಂಥ ಆಟಗಾರರಿಗೆ ಯಾವ ಎಕ್ಸ್‌ಕ್ಲೂಸಿವ್‌ಗಿಂತಲೂ ಈ ಕೇಸ್ ಮುಖ್ಯ. ಸ್ಟೋರ್‌ಗಳು ಬೆಲೆಯಲ್ಲಿ ಪೈಪೋಟಿ ಮಾಡಿದರೆ ಲಾಭ ಕೊಳ್ಳುವವರಿಗೆ. ಯಾವ ಗೇಮ್ ಯಾರ ಬಳಿ ಇರಬೇಕು ಅಂತ ಪೈಪೋಟಿ ಮಾಡಿದರೆ ಲಾಭ ಪಬ್ಲಿಷರ್‌ಗೆ, ಕಿರಿಕಿರಿ ಕೊಳ್ಳುವವರಿಗೆ.

ಸ್ಪೈವೇರ್ ಮಾತಿಗೆ ಬರೋಣ. ನಿಮ್ಮ ಗೆಳೆಯನ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. 2019ರ ಮಾರ್ಚ್‌ನಲ್ಲಿ, ಎಪಿಕ್ ಲಾಂಚರ್ ಕಂಪ್ಯೂಟರ್‌ನಲ್ಲಿರುವ ಸ್ಟೀಮ್‌ನ ಒಂದು ಫೈಲ್ ಅನ್ನು ಕೇಳದೆ ಓದಿ, ನಕಲು ಮಾಡಿ ಇಟ್ಟುಕೊಳ್ಳುತ್ತದೆ ಅನ್ನುವುದು ಬಯಲಾಯಿತು. ಸ್ಟೀಮ್ ಗೆಳೆಯರನ್ನು ಎಪಿಕ್‌ಗೆ ಸೇರಿಸಿಕೊಳ್ಳುವ ಸೌಲಭ್ಯಕ್ಕೆ ಅದು ಬೇಕಿತ್ತು, ಬಳಕೆದಾರ ಒಪ್ಪಿದರೆ ಮಾತ್ರ ಮಾಹಿತಿ ಹೊರಗೆ ಹೋಗುತ್ತಿತ್ತು ಅಂತ ಕಂಪನಿ ಹೇಳಿತು. ಕೇಳುವ ಮೊದಲೇ ಫೈಲ್ ಮುಟ್ಟಬಾರದಿತ್ತು ಅಂತ ಸ್ವೀನಿ ಒಪ್ಪಿಕೊಂಡರು. ಇದರ ಜೊತೆಗೆ ಚೀನಾದ ಟೆನ್ಸೆಂಟ್ 2012ರಲ್ಲಿ ಎಪಿಕ್‌ನಲ್ಲಿ ಸುಮಾರು 40% ಪಾಲು ಕೊಂಡಿದ್ದು ಸೇರಿಕೊಂಡು ಕಥೆ ಬೆಳೆಯಿತು. ಪಾಲು ನಿಜ, ಆದರೆ ಕಂಪನಿ ನಡೆಸುವ ಹಿಡಿತ ಸ್ವೀನಿ ಕೈಯಲ್ಲೇ ಉಳಿದಿದೆ. ಒಟ್ಟಿನಲ್ಲಿ ಆದದ್ದು ಬೇಜವಾಬ್ದಾರಿ ಕೆಲಸ. ಬೇಹುಗಾರಿಕೆ ಅನ್ನುವುದಕ್ಕೆ ಅದು ಪುರಾವೆ ಆಗುವುದಿಲ್ಲ. ನಿಮ್ಮ ಅಕೌಂಟ್‌ಗೆ ಅದಕ್ಕಿಂತ ನಿಜವಾದ ಅಪಾಯ ಹಳೇ ಪಾಸ್‌ವರ್ಡ್ ಅನ್ನೇ ಎಲ್ಲ ಕಡೆ ಹಾಕುವುದು. ಯಾವ ಸ್ಟೋರ್ ಆದರೂ ಬೇರೆ ಪಾಸ್‌ವರ್ಡ್ ಇಟ್ಟು, ಎರಡು ಹಂತದ ಲಾಗಿನ್ ಆನ್ ಮಾಡಿ.

ಸ್ಟೋರ್ ಮುಚ್ಚಿದರೆ ಅನ್ನುವ ಪ್ರಶ್ನೆ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಇಲ್ಲಿ ನಿಮ್ಮ ಮಾತಿನಲ್ಲಿ ಒಂದು ನಂಬಿಕೆ ಅಡಗಿದೆ, ಅದನ್ನು ಮೊದಲು ಬಿಡಿಸಬೇಕು. ಸ್ಟೀಮ್‌ನಲ್ಲಿರುವ 300 ಗೇಮ್ ನಿಮ್ಮ ಸ್ವಂತ, ಎಪಿಕ್‌ನಲ್ಲಿ ಕೊಂಡರೆ ಅದು ಎರವಲು ಅನ್ನುವ ನಂಬಿಕೆ. ಹಾಗಿಲ್ಲ. ಎರಡೂ ಕಡೆ ನಿಮಗೆ ಸಿಗುವುದು ಆಡುವ ಅನುಮತಿ, ಲೈಸೆನ್ಸ್. 2024ರ ಅಕ್ಟೋಬರ್‌ನಿಂದ ಸ್ಟೀಮ್ ಹಣ ಕಟ್ಟುವ ಪುಟದಲ್ಲೇ ಇದನ್ನು ಬರೆದು ತೋರಿಸುತ್ತಿದೆ. 'ಖರೀದಿ' ಅಂತ ಬರೆದು ಲೈಸೆನ್ಸ್ ಮಾತ್ರ ಕೊಡುವವರು ಅದನ್ನು ಸ್ಪಷ್ಟವಾಗಿ ಹೇಳಬೇಕು ಅಂತ ಕ್ಯಾಲಿಫೋರ್ನಿಯಾ ಮಾಡಿದ ಕಾನೂನು 2025ರ ಜನವರಿಯಿಂದ ಜಾರಿಗೆ ಬಂದಿದೆ.

ಸ್ಟೋರ್‌ಗಳು ಮುಚ್ಚಿದ್ದೂ ಉಂಟು. ಮೈಕ್ರೋಸಾಫ್ಟ್ ತನ್ನ ಗೇಮ್ಸ್ ಫಾರ್ ವಿಂಡೋಸ್ ಲೈವ್ ಮಾರಾಟವನ್ನು 2013ರಲ್ಲಿ ನಿಲ್ಲಿಸಿತು. ಬೆಥೆಸ್ಡಾ ಲಾಂಚರ್ 2022ರಲ್ಲಿ ನಿಂತಿತು, ಆದರೆ ಅವರು ಮರ್ಯಾದೆಯಿಂದ ನಡೆದುಕೊಂಡರು, ಜನರ ಲೈಬ್ರರಿಯನ್ನು ಸ್ಟೀಮ್‌ಗೆ ಉಚಿತವಾಗಿ ದಾಟಿಸಿದರು. ಡೆಸ್ಟಿನಿ 2 ಕೂಡ 2019ರಲ್ಲಿ ಬ್ಯಾಟಲ್.ನೆಟ್ ಅನ್ನುವ ಲಾಂಚರ್ ಬಿಟ್ಟು ಸ್ಟೀಮ್‌ಗೆ ಬರುವಾಗ ಆಟಗಾರರ ಪಾತ್ರಗಳನ್ನೂ ಕೊಂಡದ್ದನ್ನೂ ಜೊತೆಗೇ ತಂದಿತು. ಎಪಿಕ್ ಹಿಂದೆ ಫೋರ್ಟ್‌ನೈಟ್ ಗೇಮ್ ಮತ್ತು ಗೇಮ್ ಕಟ್ಟುವ ಸಾಫ್ಟ್‌ವೇರ್ ಅನ್‌ರಿಯಲ್ ಇಂಜಿನ್ ಇವೆ. ನಾಳೆ ಬೆಳಿಗ್ಗೆ ಬಾಗಿಲು ಹಾಕುವ ಕಂಪನಿ ಅದಲ್ಲ.

ಸ್ಟೋರ್ ಮುಚ್ಚುವುದಕ್ಕಿಂತ ಗೇಮೇ ಸಾಯುವುದು ಜಾಸ್ತಿ. ಯೂಬಿಸಾಫ್ಟ್‌ನ ದಿ ಕ್ರೂ 2014ರಲ್ಲಿ ಬಂತು. ಒಬ್ಬರೇ ಆಡಿದರೂ ಅದಕ್ಕೆ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಆರಿಸಿದರು, ಗೇಮ್ ಎಲ್ಲರಿಗೂ ಸತ್ತಿತು. ಎಲ್ಲಿ ಕೊಂಡಿದ್ದರು ಅನ್ನುವುದು ಲೆಕ್ಕಕ್ಕೇ ಬರಲಿಲ್ಲ. 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಹುಟ್ಟಿದ್ದು ಅದರಿಂದಲೇ. ಎಕ್ಸ್‌ಕ್ಲೂಸಿವ್ ಬಗ್ಗೆ ಹೊರಬಿದ್ದ ಸಿಟ್ಟಿನಲ್ಲಿ ಅರ್ಧದಷ್ಟಾದರೂ ಈ ಕಡೆ ಹರಿದಿದ್ದರೆ ಎಷ್ಟು ಒಳ್ಳೆಯದಿತ್ತು ಅಂತ ನನಗೆ ಆಗಾಗ ಅನಿಸುತ್ತದೆ.

ನಿಜವಾಗಿ ಕೈಯಲ್ಲಿ ಉಳಿಯುವ ಗೇಮ್ ಬೇಕಾದರೆ ಜಿಒಜಿ ನೋಡಿ. 2008ರಿಂದ ಇರುವ ಸ್ಟೋರ್, ಡಿಆರ್‌ಎಂ (ನಕಲು ತಡೆಯುವ ಬೀಗ) ಇಲ್ಲದ ಇನ್‌ಸ್ಟಾಲರ್ ಫೈಲ್ ಅನ್ನೇ ಕೊಡುತ್ತಾರೆ. ಹಾರ್ಡ್ ಡಿಸ್ಕ್‌ಗೆ ಹಾಕಿಟ್ಟುಕೊಂಡರೆ ಮುಗಿಯಿತು. ಹೊಸ ದೊಡ್ಡ ಗೇಮ್‌ಗಳು ಅಲ್ಲಿಗೆ ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಇನ್ನೊಂದು ವಿಷಯ: ಸ್ಟೀಮ್‌ನಲ್ಲೂ ಎಪಿಕ್‌ನಲ್ಲೂ ಡಿಆರ್‌ಎಂ ಹಾಕಲೇಬೇಕು ಅನ್ನುವ ನಿಯಮ ಇಲ್ಲ, ಅದು ಡೆವಲಪರ್‌ಗೆ ಬಿಟ್ಟಿದ್ದು. ಲಾಂಚರ್ ಪೂರ್ತಿ ಮುಚ್ಚಿ, ಇಂಟರ್ನೆಟ್ ಆಫ್ ಮಾಡಿ, ಗೇಮ್ ಫೋಲ್ಡರ್ ಒಳಗೆ ಹೋಗಿ ನೇರವಾಗಿ ಗೇಮ್ ಫೈಲ್ ಮೇಲೆ ಎರಡು ಸಲ ಒತ್ತಿ ನೋಡಿ. ಸುಮ್ಮನೆ ಓಡಿದರೆ ಆ ಗೇಮ್‌ನ ಒಂದು ಪ್ರತಿ ತೆಗೆದಿಟ್ಟುಕೊಳ್ಳಬಹುದು. ಓಡದೆ ಲಾಂಚರ್ ಅನ್ನೇ ಎಬ್ಬಿಸಿದರೆ ಅದು ಸ್ಟೋರ್‌ಗೆ ಕಟ್ಟಿಹಾಕಿದ ಗೇಮ್.

ಕೆಟ್ಟ ಪದ್ಧತಿಗೆ ನೀರೆರೆಯುವುದರ ಬಗ್ಗೆ ಕೇಳಿದಿರಿ. ಎಲ್ಲ ಎಕ್ಸ್‌ಕ್ಲೂಸಿವ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಲನ್ ವೇಕ್ 2ಕ್ಕೆ ಎಪಿಕ್ ಮೊದಲಿಂದಲೇ ಹಣ ಹಾಕಿತ್ತು, ಪಬ್ಲಿಷರ್ ಅದೇ. ತಾನು ಕಟ್ಟಿಸಿದ ಗೇಮ್ ತನ್ನ ಸ್ಟೋರ್‌ನಲ್ಲಿರಲಿ ಅಂದರೆ ನನಗೆ ತಕರಾರಿಲ್ಲ. ವಾಲ್ವ್ ಕೂಡ ತನ್ನ ಗೇಮ್‌ಗಳನ್ನು ಬೇರೆ ಪಿಸಿ ಸ್ಟೋರ್‌ಗಳಿಗೆ ಕೊಡುವುದಿಲ್ಲ. ಮುಗಿಯುತ್ತಾ ಬಂದ, ಬೇರೆ ಕಡೆ ಪ್ರಚಾರ ಮಾಡಿದ, ಮುಂಗಡ ಹಣವನ್ನೂ ಪಡೆದ ಗೇಮ್ ಅನ್ನು ಎತ್ತಿಕೊಂಡು ಹೋಗುವುದು ಬೇರೆ. ಮೆಟ್ರೋ ಎಕ್ಸೋಡಸ್ ಬಿಡುಗಡೆಗೆ ಮೂರು ವಾರವೂ ಉಳಿದಿರಲಿಲ್ಲ, ಆಗ ಎಪಿಕ್‌ಗೆ ಹೋಯಿತು. ಸ್ಟೀಮ್‌ನಲ್ಲಿ ಮೊದಲೇ ಕೊಂಡವರಿಗೆ ಅಲ್ಲೇ ಸಿಕ್ಕಿತು ಅನ್ನುವುದು ಸಮಾಧಾನದ ವಿಷಯ. ಫೀನಿಕ್ಸ್ ಪಾಯಿಂಟ್ ಮತ್ತು ಶೆನ್ಮೂ 3 ಜನರಿಂದಲೇ ಹಣ ಎತ್ತಿ ಕಟ್ಟಿದ ಗೇಮ್‌ಗಳು, ಸ್ಟೀಮ್ ಅಂತ ಹೇಳಿ ಎಪಿಕ್‌ಗೆ ಹೋದವು. ಹಣ ವಾಪಸ್ ಬೇಕು ಅಂದವರಿಗೆ ಕೊಟ್ಟರು. ಇಂಥದ್ದು ನನಗೆ ಇಷ್ಟವಿಲ್ಲ. ನೀವು ಹಣ ಕಟ್ಟಿರಲಿಲ್ಲ, ಹಾಗಾಗಿ ನಿಮಗೆ ಬರಬೇಕಾದ ಬಾಕಿ ಏನೂ ಇಲ್ಲ. ಆದರೂ ಬಿಡುಗಡೆಗೆ ಐದು ವಾರ ಮೊದಲು ಅನ್ನುವುದು ಇದೇ ಸಾಲಿಗೆ ಸೇರುತ್ತದೆ.

ಬೇಜಾರನ್ನು ಕೊಳ್ಳದೆ ತೋರಿಸಿ, ಅದು ನಿಮ್ಮ ಹಕ್ಕು. ಕಂಪನಿಗೆ ಸಭ್ಯವಾಗಿ ಬರೆಯಿರಿ, ಅದನ್ನು ಓದುತ್ತಾರೆ. ಆದರೆ 2019ರಲ್ಲಿ ನಡೆದದ್ದು ಅದಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಬಾರ್ಡರ್‌ಲ್ಯಾಂಡ್ಸ್ 3 ಎಪಿಕ್‌ಗೆ ಹೋಯಿತು ಅಂತ ಸ್ಟೀಮ್‌ನಲ್ಲಿದ್ದ ಬಾರ್ಡರ್‌ಲ್ಯಾಂಡ್ಸ್ 2ಕ್ಕೆ ಸಾಲುಸಾಲು ಕೆಟ್ಟ ರಿವ್ಯೂ ಹಾಕಿದರು. ಊಬ್ಲೆಟ್ಸ್ ಅನ್ನುವ ಗೇಮ್ ಮಾಡುತ್ತಿದ್ದದ್ದು ಇಬ್ಬರು. ಎಪಿಕ್ ಗ್ಯಾರಂಟಿ ಒಪ್ಪಿಕೊಂಡೆವು ಅಂತ ಹೇಳಿದ್ದಕ್ಕೆ ಅವರಿಗೆ ಸಾವಿರಾರು ದ್ವೇಷದ ಸಂದೇಶಗಳು ಬಂದವು, ಅವರು ಆಡದ ಮಾತನ್ನು ಸೃಷ್ಟಿಸಿ ಹಂಚಿದರು. ನಾನು ಹತ್ತಿರದಿಂದ ನೋಡಿದ ಒಂದು ಬಿಡುಗಡೆಯಲ್ಲೂ ಹೀಗೇ ಆಯಿತು. ಘೋಷಣೆಯಾದ ಸಂಜೆ ಬೈಗುಳ ಎಲ್ಲ ಬಂದು ಬಿದ್ದದ್ದು ಆಟಗಾರರಿಗೆ ಉತ್ತರ ಬರೆಯುವ ಹುಡುಗಿಯ ಇನ್‌ಬಾಕ್ಸ್‌ಗೆ. ಒಪ್ಪಂದದ ವಿಷಯ ಆಕೆಗೆ ಗೊತ್ತಾದದ್ದು ಅದೇ ದಿನ ಬೆಳಿಗ್ಗೆ. ಸಹಿ ಹಾಕಿದವರಿಗೆ ಒಂದು ಸಂದೇಶವೂ ಬರಲಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು.

ಒಂದು ವರ್ಷ ಕಾಯಬಹುದು. ಒಬ್ಬರೇ ಆಡುವ ಗೇಮ್ ಆಗಿದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತಿದ್ದೆ. ಒಂದು ವರ್ಷದಲ್ಲಿ ಬಗ್‌ಗಳು ಸರಿಹೋಗಿರುತ್ತವೆ, ಡಿಎಲ್‌ಸಿ (ಗೇಮಿಗೆ ಆಮೇಲೆ ಬರುವ ಹೆಚ್ಚುವರಿ ಭಾಗ) ಸೇರಿರುತ್ತದೆ, ಎಷ್ಟೋ ಸಲ ಸ್ಟೀಮ್‌ಗೆ ಬಂದ ದಿನವೇ ರಿಯಾಯಿತಿ ಇರುತ್ತದೆ. ಕಂಟ್ರೋಲ್ 2020ರ ಆಗಸ್ಟ್‌ನಲ್ಲಿ ಸ್ಟೀಮ್‌ಗೆ ಬಂದಾಗ ಎರಡೂ ಡಿಎಲ್‌ಸಿ ಸೇರಿಸಿದ ಅಲ್ಟಿಮೇಟ್ ಎಡಿಷನ್ ಆಗಿ ಬಂತು. ಹೇಡೀಸ್ ಎಪಿಕ್‌ನಲ್ಲಿ ಅರ್ಲಿ ಆಕ್ಸೆಸ್ (ಪೂರ್ತಿ ಮುಗಿಯುವ ಮೊದಲೇ ಮಾರುವ ಆವೃತ್ತಿ) ಆಗಿ ಒಂದು ವರ್ಷ ಇದ್ದು ಸ್ಟೀಮ್‌ಗೆ ಬಂದಾಗ ಎಷ್ಟೋ ಬೆಳೆದಿತ್ತು. ಆದರೆ ನಿಮ್ಮದು ಕೋ-ಆಪ್. ಒಂದು ವರ್ಷ ಆದಮೇಲೆ ನಿಮ್ಮ ಇಬ್ಬರು ಗೆಳೆಯರು ಅದನ್ನು ಮುಗಿಸಿ ಬೇರೆ ಗೇಮ್‌ನಲ್ಲಿರುತ್ತಾರೆ. ಕಾಯುವುದರ ನಿಜವಾದ ನಷ್ಟ ಅದು.

ತಿಂಗಳ ಚಂದಾದಲ್ಲಿ ಸಿಗುತ್ತದಾ ನೋಡಿ. ಎಪಿಕ್ ಎಕ್ಸ್‌ಕ್ಲೂಸಿವ್ ಅಂದಾಗ ಮೈಕ್ರೋಸಾಫ್ಟ್‌ನ ಪಿಸಿ ಗೇಮ್ ಪಾಸ್ ಅಥವಾ ಪಬ್ಲಿಷರ್‌ನ ಸ್ವಂತ ಸ್ಟೋರ್‌ಗೆ ವಿನಾಯಿತಿ ಇರುವುದುಂಟು. ದಿ ಔಟರ್ ವರ್ಲ್ಡ್ಸ್ 2019ರಲ್ಲಿ ಸ್ಟೀಮ್‌ನಲ್ಲಿ ಇರಲಿಲ್ಲ, ಗೇಮ್ ಪಾಸ್‌ನಲ್ಲಿ ಮೊದಲ ದಿನದಿಂದಲೇ ಇತ್ತು. ಒಂದೆರಡು ತಿಂಗಳಲ್ಲಿ ಮುಗಿಯುವ ಗೇಮಿಗೆ ಇದು ಅಗ್ಗ. ಗೇಮ್ ಪಾಸ್‌ನ ಸೇವ್ ಫೈಲ್ (ಎಲ್ಲಿಯವರೆಗೆ ಆಡಿದ್ದೀರಿ ಅನ್ನುವ ದಾಖಲೆ) ಬೇರೆ ರೀತಿಯಲ್ಲಿ ಇಟ್ಟಿರುತ್ತಾರೆ, ಆಮೇಲೆ ಸ್ಟೀಮ್ ಆವೃತ್ತಿಗೆ ಒಯ್ಯುವುದು ಕಷ್ಟ, ಅದು ನೆನಪಿರಲಿ.

ಕೀ (ಗೇಮಿನ ಬೀಗ ತೆಗೆಯುವ ಕೋಡ್) ಮಾರುವ ಕಡೆ ಹುಡುಕಬೇಡಿ, ಅಂದರೆ ಯಾರೋ ಯಾರಿಗೋ ಮಾರುವ ಬಯಲು ಸಂತೆಯಂಥ ಸೈಟ್‌ಗಳಲ್ಲಿ. ಕದ್ದ ಕಾರ್ಡ್‌ನಿಂದ ಕೊಂಡ ಕೀ ನಿಮಗೆ ಸಿಕ್ಕರೆ, ಅದು ಗೊತ್ತಾದ ದಿನ ಪಬ್ಲಿಷರ್ ರದ್ದು ಮಾಡುತ್ತಾರೆ, ನಿಮ್ಮ ಹಣ ಹೋಯಿತು. ಪಬ್ಲಿಷರ್‌ನಿಂದಲೇ ಕೀ ಪಡೆದು ಮಾರುವ ಅಧಿಕೃತ ಸ್ಟೋರ್‌ಗಳ ವಿಷಯ ಬೇರೆ.

ಇನ್ನುಳಿದದ್ದು ಎಪಿಕ್‌ನಲ್ಲೇ ಕೊಳ್ಳುವುದು. ನಾಲ್ವರು ಒಟ್ಟಿಗೆ ಆಡಬೇಕು ಅನ್ನುವುದೇ ಮುಖ್ಯ ಆಗಿದ್ದರೆ ನಾನು ಇದನ್ನೇ ಹೇಳುತ್ತೇನೆ. ಕನ್ಸೋಲ್ ಎಕ್ಸ್‌ಕ್ಲೂಸಿವ್ ಆದರೆ ಹೊಸ ಯಂತ್ರವನ್ನೇ ಕೊಳ್ಳಬೇಕು. ಇಲ್ಲಿ ಬೇಕಾಗಿರುವುದು ಅದೇ ಕಂಪ್ಯೂಟರ್‌ನಲ್ಲಿ ಇನ್ನೊಂದು ಉಚಿತ ಲಾಂಚರ್. ಕೊಳ್ಳುವಾಗ ಮಾತ್ರ ಕೆಲವು ಕಡೆ ಹುಷಾರಾಗಿರಿ.

ಮುಂಗಡವಾಗಿ ಕೊಳ್ಳಬೇಡಿ. ಬಿಡುಗಡೆಯಾಗಿ ಎರಡು ಮೂರು ದಿನ ಬಿಟ್ಟು, ಜನ ಏನಂತಾರೆ ನೋಡಿ. ಎಪಿಕ್‌ನಲ್ಲೂ ಸ್ಟೀಮ್‌ನಲ್ಲಿ ಇರುವ ಹಾಗೇ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ರೀಫಂಡ್ ಕೇಳಬಹುದು. ಆ 2 ಗಂಟೆಯಲ್ಲಿ ಕಥೆ ನೋಡುತ್ತಾ ಕೂರಬೇಡಿ. ಮೊದಲ 20 ನಿಮಿಷದಲ್ಲೇ ನಾಲ್ವರೂ ಸೇರಿ ಒಂದು ಕೋ-ಆಪ್ ಸೆಷನ್ ಶುರು ಮಾಡಿ. ಕನೆಕ್ಷನ್ ನಿಲ್ಲುತ್ತದಾ, ಇನ್ವೈಟ್ ಹೋಗುತ್ತದಾ, ನಿಮ್ಮ ಕಂಪ್ಯೂಟರ್‌ನಲ್ಲಿ ಸರಾಗವಾಗಿ ಓಡುತ್ತದಾ ನೋಡಿಬಿಡಿ. ಸರಿಯಿಲ್ಲ ಅಂದರೆ ಅಲ್ಲೇ ನಿಲ್ಲಿಸಿ ವಾಪಸ್ ಮಾಡಿ.

ಡೀಲಕ್ಸ್ ಎಡಿಷನ್, ಸೀಸನ್ ಪಾಸ್ ಮುಟ್ಟಬೇಡಿ, ಮೂಲ ಗೇಮ್ ಮಾತ್ರ ಸಾಕು. ಕಾರಣ ಇಷ್ಟೇ: ಡಿಎಲ್‌ಸಿ ಸಾಮಾನ್ಯವಾಗಿ ಮೂಲ ಗೇಮ್ ಕೊಂಡ ಸ್ಟೋರ್‌ಗೇ ಅಂಟಿಕೊಂಡಿರುತ್ತದೆ. ಎಪಿಕ್‌ನಲ್ಲಿ ಗೇಮ್, ಸ್ಟೀಮ್‌ನಲ್ಲಿ ಡಿಎಲ್‌ಸಿ ಕೊಂಡರೆ ಎರಡೂ ಸೇರುವುದಿಲ್ಲ. ಇದು ಗೊತ್ತಿಲ್ಲದೆ ಸೇಲ್‌ನಲ್ಲಿ ಡಿಎಲ್‌ಸಿ ಕೊಂಡು ಕೈ ಸುಟ್ಟುಕೊಂಡವರ ಪತ್ರಗಳು ನನಗೆ ಸಾಕಷ್ಟು ಬರುತ್ತವೆ. ಒಂದು ವರ್ಷ ಆದಮೇಲೆ ನಿಮಗೆ ಸ್ಟೀಮ್‌ನಲ್ಲೇ ಬೇಕು ಅನಿಸಿದರೆ, ಆಗ ಎರಡನೇ ಸಲ ಕೊಡಬೇಕಾದ ಹಣ ಕಡಿಮೆ ಇರಲಿ.

ಸೇವ್ ಫೈಲ್ ಎಲ್ಲಿ ಕೂರುತ್ತದೆ ಅಂತ ಮೊದಲ ವಾರವೇ ಹುಡುಕಿಟ್ಟುಕೊಳ್ಳಿ. ಹೆಚ್ಚಾಗಿ ಡಾಕ್ಯುಮೆಂಟ್ಸ್ ಫೋಲ್ಡರ್ ಒಳಗೆ, ಇಲ್ಲವೇ ಆಪ್‌ಡೇಟಾ ಒಳಗೆ ಗೇಮ್ ಅಥವಾ ಸ್ಟುಡಿಯೋ ಹೆಸರಿನಲ್ಲಿ ಇರುತ್ತದೆ. ಕೆಲವು ಗೇಮ್‌ಗಳಲ್ಲಿ ಅದನ್ನು ಹಾಗೇ ನಕಲು ಮಾಡಿ ಸ್ಟೀಮ್ ಆವೃತ್ತಿಗೆ ಹಾಕಿದರೆ ಸಾಕು, ನಿಲ್ಲಿಸಿದ ಕಡೆಯಿಂದ ಶುರುವಾಗುತ್ತದೆ. ಕೆಲವು ಗೇಮ್‌ಗಳು ಸೇವ್ ಅನ್ನು ನಿಮ್ಮ ಅಕೌಂಟ್ ನಂಬರ್‌ಗೆ ಕಟ್ಟಿರುತ್ತವೆ, ಅಲ್ಲಿ ಆಗುವುದಿಲ್ಲ. ಪಬ್ಲಿಷರ್‌ನ ಅಕೌಂಟ್‌ನಲ್ಲಿ ಪ್ರಗತಿ ಉಳಿಯುವ ಗೇಮ್ ಆದರೆ ಇನ್ನೂ ಸುಲಭ, ಮೊದಲ ದಿನವೇ ಆ ಅಕೌಂಟ್ ಜೋಡಿಸಿಬಿಡಿ. ಅಚೀವ್‌ಮೆಂಟ್‌ಗಳು ಸ್ಟೋರ್ ದಾಟುವುದಿಲ್ಲ, ಅದರ ಆಸೆ ಬಿಟ್ಟುಬಿಡಿ.

ಕ್ರಾಸ್‌ಪ್ಲೇ (ಬೇರೆ ಬೇರೆ ಸ್ಟೋರ್‌ನಲ್ಲಿ ಕೊಂಡವರೂ ಒಟ್ಟಿಗೆ ಆಡುವ ಸೌಲಭ್ಯ) ಇದೆಯಾ ಅಂತಲೂ ನೋಡಿ. ಬಿಡುಗಡೆಯ ದಿನ ಅದು ನಿಮಗೆ ಬೇಕಾಗುವುದಿಲ್ಲ, ಎಲ್ಲರೂ ಒಂದೇ ಸ್ಟೋರ್‌ನಲ್ಲಿರುತ್ತೀರಿ. ಒಂದು ವರ್ಷ ಬಿಟ್ಟು ನಾಲ್ಕನೆಯವನು ಸ್ಟೀಮ್‌ನಲ್ಲಿ ಕೊಂಡಾಗ ನಿಮ್ಮ ಜೊತೆ ಸೇರಬಹುದಾ ಇಲ್ಲವಾ ಅನ್ನುವುದು ಅದರ ಮೇಲೆ ನಿಂತಿದೆ. ಸ್ಟೋರ್ ಪುಟದಲ್ಲಿ ಬರೆದಿರದಿದ್ದರೆ ಡೆವಲಪರ್‌ಗೇ ಕೇಳಿ, ಸಾಮಾನ್ಯವಾಗಿ ನೇರ ಉತ್ತರ ಕೊಡುತ್ತಾರೆ.

ಆ ನಾಲ್ಕನೆಯ ಗೆಳೆಯನನ್ನು ಒತ್ತಾಯ ಮಾಡಬೇಡಿ. ಲಾಂಚರ್ ಬೇಡ ಅನ್ನುವುದು ಅವನ ಕಂಪ್ಯೂಟರ್, ಅವನ ತೀರ್ಮಾನ. ಅವನು ಒಪ್ಪಿದರೆ ಎರಡು ಸೆಟ್ಟಿಂಗ್ ತೋರಿಸಿಕೊಡಿ: ಕಂಪ್ಯೂಟರ್ ಆನ್ ಆದಾಗ ಲಾಂಚರ್ ತಾನಾಗಿ ಶುರುವಾಗದಂತೆ ಮಾಡುವುದು, ಮುಚ್ಚಿದಾಗ ಹಿನ್ನೆಲೆಯಲ್ಲಿ ಉಳಿಯದೆ ಪೂರ್ತಿ ನಿಲ್ಲುವಂತೆ ಮಾಡುವುದು. ಎರಡೂ ಲಾಂಚರ್‌ನ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತವೆ. ಆಡುವಾಗ ತೆರೆಯಲಿ, ಆಡಿ ಮುಗಿದ ಮೇಲೆ ಮುಚ್ಚಲಿ.